ಆರದ ಕಚ್ಚು

ಪ್ರಯೋಗಶಾಲೆಯಲ್ಲಿ ಇಲಿಗಳನ್ನು ನೋಡಿಕೊಳ್ಳುವ ಕೆಲಸ ಅವನದು. ಇಪ್ಪತ್ತಾರು ವರ್ಷಗಳಲ್ಲಿ ಸ್ವಂತ ಹೆಸರು ಸವೆದು, ಎಲ್ಲರ ಬಾಯಲ್ಲೂ ಇಲಿಯಪ್ಪನಾಗಿದ್ದ. ಅದೇ ಕಟ್ಟಡದ ಮಹಡಿಯಲ್ಲಿ ಮಗಳು ಔಷಧ ತಯಾರಿಸುತ್ತಿದ್ದಳು. ಮನೆಯಲ್ಲಿ ಹೆಂಡತಿಯ ಬೆರಳ ಗಂಟುಗಳು ಊದಿ, ಅಂಗಿಯ ಗುಂಡಿ ಹಾಕಲೂ ಆಗದೆ ಮೂರು ವರ್ಷವಾಗಿತ್ತು.

ಊತ ಇಳಿಸುವ ಮಗಳ ಔಷಧವೆಂದರೆ, ಅಮೈನೋ ಆಮ್ಲದ ಐದೇ ಮಣಿಗಳ ಸರ. ಪೆಪ್ಟೈಡ್ ಎನ್ನುತ್ತಿದ್ದಳು.

“ಸರ ನೆಟ್ಟಗಿದ್ರೆ ಮೈಯೊಳಗಿನ ರಸಗಳು ತುದಿಯಿಂದ ಕಡಿದು ಹಾಕ್ತವೆ ಅಪ್ಪ. ಸಂಜೆಗೆ ಊತ ವಾಪಸ್. ಅದೇ ಮಣಿ, ಅದೇ ಸಾಲು. ಎರಡೂ ತುದಿ ಸೇರಿಸಿ ಬಳೆ ಮಾಡಿದೆ. ಇನ್ನು ಕಡಿಯೋಕೆ ತುದಿಯೇ ಇಲ್ಲ. ವಾರಗಟ್ಟಲೆ ಇರುತ್ತೆ.”

“ಸಾಕು ಅಂದಾಗ ನಿಲ್ಲಿಸೋದು ಹೇಗಮ್ಮ?”

“ಊತ ಯಾರಿಗೆ ಬೇಕು? ಇಲಿಗಳ ಸಹವಾಸ ಮಾಡಿ ನಿನಗೂ ಪುಕ್ಕಲುತನ ಬಂದಿದೆ.”

ಇಲಿಗಳ ಕಾಲಿನ ಊತ ಇಳಿದದ್ದೇ ತಡ, ಅವಳು ಗುಟ್ಟಾಗಿ ಒಂದು ಸೀಸೆ ಮನೆಗೆ ತಂದು ಅಮ್ಮನ ತೋಳಿಗೆ ಚುಚ್ಚಿದಳು. ಇಲಿಯಪ್ಪ ಬೇಡವೆನ್ನಲಿಲ್ಲ. ಮೂರನೆಯ ದಿನ ಹೆಂಡತಿ ಅವನ ಅಂಗಿಯ ಗುಂಡಿಗಳನ್ನೆಲ್ಲ ತಾನೇ ಹಾಕಿದಾಗ ಅವನ ಕಣ್ಣು ತುಂಬಿತು.

ಅದಾಗಿ ಐದು ದಿನಕ್ಕೆ ಪಂಜರ ಬದಲಿಸುವ ಸರದಿ ಬಂತು. ಗುರುತಿಗೆಂದು ಪ್ರತಿ ಇಲಿಯ ಕಿವಿಗೂ ಅವನೇ ಕತ್ತರಿಯಿಂದ ಕಚ್ಚು ಹಾಕಿದ್ದ. ವಾರದೊಳಗೆ ಅದು ಆರಬೇಕು. ಹದಿನೈದು ದಿನವಾಗಿದ್ದರೂ ಮೊದಲನೆಯ ಕಿವಿ ಬೆರಳಿಗೆ ಒದ್ದೆಯಾಗಿ ತಾಗಿತು. ಎರಡನೆಯದೂ ಹಾಗೆಯೇ. ಬಳೆಯ ಔಷಧ ಬಿದ್ದ ಹನ್ನೆರಡೂ ಹಾಗೆಯೇ. ನೆಟ್ಟಗಿನ ಸರ ಕೊಟ್ಟಿದ್ದ ಇಲಿಗಳ ಕಿವಿಗಳು ಒಣಗಿದ್ದವು. ಮಹಡಿಯವರು ದಿನಾ ಬಂದು ಅಳೆಯುತ್ತಿದ್ದದ್ದು ಕಾಲನ್ನು. ಕಿವಿ ನೋಡುವ ಗೊಡವೆ ಯಾರಿಗಿತ್ತು? ಕೊನೆಯ ಪಂಜರದಲ್ಲಿ ಒಂದು ಇಲಿ, ಊತವೇ ಇಲ್ಲದ ಚಂದದ ಕಾಲು ಚಾಚಿ ಸತ್ತುಬಿದ್ದಿತ್ತು.

ಗಾಯವಾದಾಗ ಏಳುವ ಊತ ಮನೆ ಕಾಯುವ ನಾಯಿ. ಬೊಗಳಿ ನಿದ್ದೆ ಕೆಡಿಸುತ್ತದೆಂದು ಬಾಯಿ ಕಟ್ಟಿದರೆ, ಕಳ್ಳನನ್ನು ಕೈಹಿಡಿದು ಕರೆತಂದಂತೆ.

ಮಗಳನ್ನು ಎಳೆದುಕೊಂಡು ಮನೆಗೆ ಓಡಿದ. ಹೆಂಡತಿ ಗುನುಗುತ್ತ ತರಕಾರಿ ಹೆಚ್ಚುತ್ತಿದ್ದಳು.

“ಇದೇನ್ರೀ, ಅಪ್ಪ ಮಗಳು ಇಷ್ಟು ಬೇಗ? ಇಬ್ಬರನ್ನೂ ಒಟ್ಟಿಗೇ ಕೆಲಸದಿಂದ ಓಡಿಸಿದ್ರಾ?”

“ಎಲ್ಲಾದ್ರೂ ಗಾಯ ಮಾಡ್ಕೊಂಡಿದ್ದೀಯೇನೇ?”

“ಹೆಬ್ಬೆರಳು ಕುಯ್ಕೊಂಡು ನಾಲ್ಕು ದಿನ ಆಯ್ತು. ಚೂರೂ ನೋವಿಲ್ಲ ಕಣ್ರೀ. ಮಗಳ ಕೈಗುಣ!”

ಸುತ್ತಿದ್ದ ಬಟ್ಟೆ ಬಿಚ್ಚಿ ತೋರಿಸಿದಳು. ಕೆಂಪಿಲ್ಲ, ಬಾವಿಲ್ಲ. ಈಗಷ್ಟೇ ಕುಯ್ದಂತೆ ಗಾಯ ಬಾಯಿ ತೆರೆದಿತ್ತು. ಸುತ್ತಲಿನ ಚರ್ಮ ಅಂಗೈವರೆಗೆ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಮಗಳ ಮುಖ ಸುಣ್ಣವಾಯಿತು. “ಆಸ್ಪತ್ರೆಲಿ ಏನು ಚುಚ್ಚಿದ್ದು ಅಂತ ಕೇಳ್ತಾರೆ ಅಪ್ಪ.”

“ಹೇಳು. ಕೆಲಸ ಹೋದ್ರೆ ಹೋಗ್ಲಿ. ಆ ಬಳೆ ಮುರಿಯೋ ಮದ್ದು ಇದೆಯಾ?”

ಅವಳು ತಲೆಯಾಡಿಸಿದಳು. ಇರಲಿಲ್ಲ.

“ಈ ಚೂರು ಗಾಯಕ್ಕೆ ಆಸ್ಪತ್ರೆಯೇ?” ಎಂದು ಗೊಣಗುತ್ತ ಎದ್ದ ಹೆಂಡತಿ, ಓಡಿ ಬಂದ ರಭಸಕ್ಕೆ ಕಳಚಿದ್ದ ಅವನ ಎದೆಯ ಗುಂಡಿಯನ್ನು ಒಂದೇ ಸಲಕ್ಕೆ ಹಾಕಿದಳು. ಬೆರಳು ತಾಗಿದಲ್ಲಿ ಅಂಗಿ ಒದ್ದೆಯಾಯಿತು.