ಒಣ ನೆಲ

"ಹೆಣ ತೊಳೆಯೋಳಿಗೆ ಮೇಲಿನ ಜಾಗ ಬೇಕಂತೆ! ಸಲಿಗೆ ಕೊಟ್ರೆ ತಲೆ ಮೇಲೆ ಕೂರ್ತೀಯಾ, ಬೋಳಿಮಗನೆ? ಕೆಳಗೆ ಮೋರಿ ಮೂಲೇಲಿ ತೋಡ್ಕೋ ಹೋಗು."

ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿ ಹಾಗಂದು ಕಾರಿನ ಬಾಗಿಲು ಎಳೆದುಕೊಂಡ. ಗೋರಿ ತೋಡುವ ಮುದುಕ ಖಬರಸ್ತಾನದ ಗೇಟಿನಲ್ಲೇ ನಿಂತಿದ್ದ. ಬೆಳಗಿನ ನಮಾಜಿನ ಹೊತ್ತಿಗೆ ಅವನ ಹೆಂಡತಿ ಉಸಿರು ಬಿಟ್ಟಿದ್ದಳು. ಸಂಜೆಯೊಳಗೆ ಮಣ್ಣಾಗಬೇಕು.

ನಲವತ್ತು ವರ್ಷ ಊರಲ್ಲಿ ಸತ್ತ ಹೆಂಗಸರ ಮಯ್ಯತ್ತಿಗೆಲ್ಲ ಕೊನೆಯ ಸ್ನಾನದ, ಗುಸುಲಿನ ನೀರು ಹಾಕಿದ ಕೈ ಅವಳದು. ಈ ಮುತವಲ್ಲಿಯ ತಾಯಿಗೂ ಹಾಕಿತ್ತು. ಬದುಕಿದ್ದವರು ಮಾತ್ರ ಆ ಕೈಯಿಂದ ಒಂದು ಲೋಟ ನೀರು ಕುಡಿದವರಲ್ಲ, ಅವಳನ್ನು ಮದುವೆಮನೆಗೆ ಕರೆದವರಲ್ಲ. ಬೆರಳ ಸಂದುಗಳು ಸದಾ ಬೆಳ್ಳಗೆ ಕೊಳೆತು ಉರಿಯುತ್ತಿದ್ದವು. "ಜೀವಮಾನವೆಲ್ಲ ನೀರಲ್ಲೇ ಹೋಯ್ತು ಕಣ್ರೀ. ಸತ್ತಮೇಲಾದ್ರೂ ನನ್ನ ಒಣ ನೆಲದಲ್ಲಿ ಮಲಗಿಸಿ." ಗಂಡನನ್ನು ಅವಳು ಕೇಳಿದ್ದು ಅದೊಂದೇ. ಅವನು ಹೂಂ ಅಂದಿದ್ದ.

ಮೋರಿ ಮೂಲೆಯಲ್ಲಿ ಮೊಣಕಾಲುದ್ದ ತೋಡುವಷ್ಟರಲ್ಲಿ ನೀರು ಜಿನುಗಿತು. ಡಬ್ಬದಲ್ಲಿ ಮೊಗೆದು ಹಾಕಿದ, ಮತ್ತೆ ತುಂಬಿತು. ನಾಲ್ಕು ಸಲ ಮೊಗೆದ. ಐದನೇ ಸಲ, "ಥೂ ಇವರ ಮನೆ ಹಾಳಾಗ" ಎಂದು ಡಬ್ಬ ಬಿಸಾಕಿ, ಗುದ್ದಲಿ ಹೆಗಲಿಗೇರಿಸಿ ದಿಬ್ಬ ಹತ್ತಿದ. ಮುತವಲ್ಲಿ ಮನೆತನ ಸುಣ್ಣ ಬಳಿದ ಕಲ್ಲು ನೆಟ್ಟು ಹಿಡಿದಿಟ್ಟುಕೊಂಡಿದ್ದ ಜಾಗವದು. ಹದಿನೈದು ಗೋರಿಗಾಗುವಷ್ಟು ಖಾಲಿ ಬಿದ್ದಿತ್ತು. ಮಣ್ಣು ಪುಡಿಪುಡಿಯಾಗಿ ಬಂತು.

ಮನೆಯಲ್ಲಿ ಹೆಂಡತಿಯ ಅಕ್ಕ ಒಬ್ಬಳೇ ಅವಳನ್ನು ಮೀಯಿಸಿ ಕಫನ್ ಬಟ್ಟೆ ಸುತ್ತಿದ್ದಳು. ಅಕ್ಕಪಕ್ಕದ ಒಬ್ಬ ಹೆಂಗಸೂ ಹೊಸ್ತಿಲು ದಾಟಲಿಲ್ಲ. ಜನಾಜಾ ಹೊರಲು ಮೂವರು ಹಮಾಲಿಗಳು ಬಂದರು. ನಾಲ್ಕನೇ ಹೆಗಲು ಅವನದೇ. ಮೌಲ್ವಿಯ ಹಿಂದೆ ಆ ನಾಲ್ವರೇ ನಿಂತು ನಮಾಜು ಮುಗಿಸಿದರು. ಅವಳ ಮುಖವನ್ನು ಮಕ್ಕಾದ ದಿಕ್ಕಿಗೆ, ಕಿಬ್ಲಾದ ಕಡೆ ತಿರುಗಿಸಿ, ಹಲಗೆ ಮುಚ್ಚಿ, ತಲಾ ಮೂರು ಹಿಡಿ ಮಣ್ಣು ಹಾಕಿದರು. ಅವನ ಮೂರನೇ ಹಿಡಿ ಕೈಯಿಂದ ಬೇಗ ಇಳಿಯಲಿಲ್ಲ.

ಗುಡ್ಡೆ ತಟ್ಟುತ್ತಿರುವಾಗ ಮುತವಲ್ಲಿ ಓಡಿ ಬಂದ.

"ತೆಗೆಯೋ ಆ ಹೆಣಾನ! ಈಗಲೇ ತೆಗಿ!"

ಮುದುಕ ಸಲಿಕೆಯನ್ನು ಅವನತ್ತ ಚಾಚಿದ. "ನಾನು ಹೂಳೋನು ಸಾಹೇಬ್ರೆ, ಕಿತ್ತು ತೆಗೆಯೋನಲ್ಲ. ಬೇಕಾದ್ರೆ ನೀವೇ ಅಗೀರಿ." ಮೌಲ್ವಿಯ ಕಡೆ ತಿರುಗಿದ. "ಹೇಳಿ ಹಜ್ರತ್, ಮುಚ್ಚಿದ ಗೋರಿ ತೆಗೀಬಹುದಾ?"

ಮುತವಲ್ಲಿಯಿಂದಲೇ ಸಂಬಳ ಪಡೆಯುವ ಮೌಲ್ವಿ ತನ್ನ ಚಪ್ಪಲಿ ನೋಡುತ್ತ ನಿಂತ. "ನೆಲ ದಾನದ್ದು, ಯಾರೊಬ್ಬರದ್ದೂ ಅಲ್ಲ," ಎಂದ ಕೊನೆಗೆ, ಸಣ್ಣ ದನಿಯಲ್ಲಿ. "ತೆಗೀಬಾರ್ದು."

ಮುತವಲ್ಲಿಯ ಮುಖ ಕಪ್ಪಿಟ್ಟಿತು. "ನಾಳೆಯಿಂದ ಈ ಗೇಟಿಗೆ ಬೀಗ. ಒಳಗೆ ಕಾಲಿಟ್ರೆ ಮುರೀತೀನಿ. ನೀ ಸತ್ತಾಗ ನಿನಗ್ಯಾರು ತೋಡ್ತಾರೋ ನೋಡೇಬಿಡ್ತೀನಿ!"

ಎಲ್ಲರೂ ಹೋದರು. ಹಮಾಲಿಗಳಿಗೆ ಲಾರಿ ಕಾಯುತ್ತಿತ್ತು.

"ಒಣಗಿದೆ ಕಣೇ. ಮುಟ್ಟಿ ನೋಡಿದೀನಿ," ಎಂದ ಮುದುಕ ಗುಡ್ಡೆಗೆ. ಉತ್ತರಕ್ಕೆ ಕಾದ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತ.

ಅತ್ತು ಮುಗಿಸಿ, ಸುಣ್ಣದ ಕಲ್ಲೊಂದನ್ನು ಕಿತ್ತೆಸೆದ. ಅವಳ ಪಕ್ಕದಲ್ಲಿ ಉದ್ದಕ್ಕೆ ಮಲಗಿ, ತಲೆಯ ಹತ್ತಿರ ಒಂದು ಗೀಟು, ಪಾದದ ಹತ್ತಿರ ಒಂದು ಗೀಟು ಎಳೆದ. ಎದ್ದು ಗುದ್ದಲಿ ಹಿಡಿದ. ಬೀಗ ಬೀಳುವುದು ನಾಳೆ. ಹೊತ್ತು ಮುಳುಗಲು ಇನ್ನೂ ಸಮಯವಿತ್ತು.