ಹೆಸರು ಆಮೇಲೆ ತಿಳಿಸುವ ಆಟಗಾರ

ವೆಲಾರ್ಡೊನನ್ನು ನಮ್ಮ ತಂಡ ಬೇರೆಯವರಿಗೆ ಕೊಟ್ಟುಬಿಟ್ಟಿತು ಎಂದು ಲಾನಿ ನನಗೆ ಹೇಳಿದಾಗ ಅವನ ಕೈಯಲ್ಲೊಂದು ಪುಟ್ಟ ಬಲೆಯಿತ್ತು. ಬಲೆಯಲ್ಲಿ ಒಂದು ಹಿಡಿ ಮೀನುಮರಿಗಳು ಮಿಡುಕುತ್ತಿದ್ದವು. ಸರೋವರ ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆಗೆ ತೂತು ಕೊರೆದು ಗಾಳ ಇಳಿಬಿಡುವವರಿಗೆ ಲಾನಿ ಈ ಮರಿಗಳನ್ನು ಮಾರುತ್ತಾನೆ. ಅವನ ಅಂಗಡಿಯ ನಡುಮಧ್ಯದಲ್ಲಿ ಕಟ್ಟಿಗೆ ಉರಿಸುವ ಕಬ್ಬಿಣದ ಒಲೆಯೊಂದಿದೆ. ಒಂದು ವರ್ಷದ ಬೇಸ್‌ಬಾಲ್ ಮುಗಿದು ಮುಂದಿನದು ಶುರುವಾಗುವ ತನಕ ನಾವು ಆ ಒಲೆಯ ಸುತ್ತ ಕೂತು, ನಮ್ಮ ಹೆರಾನ್ಸ್ ತಂಡ ಯಾರನ್ನು ತರಬೇಕಿತ್ತು, ಯಾರನ್ನು ಬಿಡಬಾರದಿತ್ತು ಎಂದು ಕಚ್ಚಾಡುತ್ತೇವೆ. ಈ ಊರಿನಲ್ಲಿ ಚಳಿಗಾಲ ಕಳೆಯುವುದೇ ಹಾಗೆ.

"ಇಬ್ರು ಪಿಚರ್‌ಗಳು ಸಿಕ್ಕಿದಾರೆ," ಎಂದ ಲಾನಿ, ನನ್ನ ಮುಖ ನೋಡದೆ. "ಚಿಕ್ಕ ವಯಸ್ಸಿನೋರು. ಎಸೆತ ಜೋರಾಗಿದೆಯಂತೆ."

ನಾನು ಕಿಟಕಿಯಾಚೆ ನೋಡಿದೆ. ನನ್ನ ಗಂಡ ಆಂಬ್ರೋಸ್ ಇನ್ನೂ ಕಾರಿನಲ್ಲೇ ಕೂತಿದ್ದ. ರೇಡಿಯೋದಲ್ಲಿ ಏನೇ ಬರುತ್ತಿರಲಿ, ಅದು ಮುಗಿಯದೆ ಇಳಿಯುವ ಜಾತಿಯವನಲ್ಲ ಅವನು. ಹಿಮ ಬೀಳುತ್ತಿತ್ತು. ಕಾರಿನ ಗಾಜು ಬೆಳ್ಳಗಾಗಿ, ಅವನ ಕೆಂಪು ಟೋಪಿಯೊಂದೇ ಮಸುಕಾಗಿ ಕಾಣುತ್ತಿತ್ತು.

ಹಿಂದಿನ ವರ್ಷದಿಂದ ಆಂಬ್ರೋಸ್‌ನ ತಲೆಯಿಂದ ಹೆಸರುಗಳು ಜಾರಿಹೋಗುತ್ತಿದ್ದವು. ಮೊದಲು ಪಕ್ಕದ ಮನೆಯವರದು, ಆಮೇಲೆ ನಮ್ಮ ಬೀದಿಯದು, ಆಮೇಲೆ ಸ್ವಂತ ತಮ್ಮನದು. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದರು. ಅವನು ಆ ಹೆಸರನ್ನೂ ಮರೆತ, ನನಗೆ ಅದೊಂದೇ ಸಮಾಧಾನ. ಆದರೆ ತಂಡ ಮಾತ್ರ ಹಾಗೇ ಉಳಿದಿತ್ತು. ದಿನಾ ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ ಕೂತು, ಕಾಲುಚೀಲ ಏರಿಸಿಕೊಳ್ಳುತ್ತ ಅವನು ಮೈದಾನವನ್ನು ಒಂದು ಸುತ್ತು ಹಾಕುತ್ತಿದ್ದ. ಕ್ಯಾಚರ್ ವೆಲಾರ್ಡೊ. ಮೊದಲ ಬೇಸ್‌ಗೆ ಡನ್‌ಲೀವಿ. ಎರಡನೆಯದಕ್ಕೆ ಕೆಸ್ಲರ್. ಹೀಗೆ ಒಬ್ಬೊಬ್ಬರನ್ನೇ ಅವರವರ ಜಾಗದಲ್ಲಿ ನಿಲ್ಲಿಸುತ್ತ ಬಲ ಮೈದಾನದ ವಿಟ್‌ಕಾಂಬ್ ತನಕ ಹೋಗಿ, ಕೊನೆಗೆ ನನ್ನತ್ತ ತಿರುಗಿ, "ಮನೇಲಿ ಇರ್ಮಾ" ಎನ್ನುತ್ತಿದ್ದ. ಬೇಸುಗಳನ್ನೆಲ್ಲ ಸುತ್ತಿ ಓಡಿ ಬಂದವನು ಕೊನೆಗೆ ಮುಟ್ಟಬೇಕಾದ ಜಾಗಕ್ಕೆ ನಮ್ಮ ಆಟದಲ್ಲಿ ಮನೆ ಎಂದೇ ಹೆಸರು. ಹಳೆಯ ತಮಾಷೆ ಅದು, ಮದುವೆಯಾದ ಹೊಸತರದ್ದು. ಆಗೆಲ್ಲ ನಾನು ಅದಕ್ಕೆ ಮುಖ ಸಿಂಡರಿಸುತ್ತಿದ್ದೆ. ಈಗ ಅದು ಕಿವಿಗೆ ಬೀಳುವ ತನಕ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಆ ಸರದ ಮೊದಲ ಮಣಿ ವೆಲಾರ್ಡೊ, ಕೊನೆಯ ಮಣಿ ನಾನು. ಒಂದು ಕಡೆ ಗಂಟು ಬಿಚ್ಚಿದರೆ ಇನ್ನೊಂದು ಕಡೆಯ ಮಣಿ ಉಳಿಯುತ್ತದೆಯೇ?

"ಅವನಿಗೆ ಹೇಳಕೂಡದು," ಎಂದೆ. "ಈ ಅಂಗಡೀಲಿ ವೆಲಾರ್ಡೊ ಎಲ್ಲಿಗೂ ಹೋಗಿಲ್ಲ."

ಒಲೆಯ ಪಕ್ಕ ಕೂತಿದ್ದ ಕ್ಲಾರಿಸ್ ತಲೆಯೆತ್ತಿದಳು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು ಕ್ಲಾರಿಸ್. ಅದೇ ಡಿಪೋದಲ್ಲಿ ಆಂಬ್ರೋಸ್ ಅವಳ ಬಸ್ಸನ್ನು ರಿಪೇರಿ ಮಾಡುತ್ತಿದ್ದ. ಆಟಗಾರರ ಯಾವ ಅದಲುಬದಲಿನ ಸುದ್ದಿ ಬಂದರೂ ಅವಳು ಕೇಳುವುದು ಒಂದೇ ಪ್ರಶ್ನೆ, ಯಾರನ್ನು ಕೊಟ್ಟರು ಎಂದು. ಅದಕ್ಕೆ ಉತ್ತರ ಸಿಕ್ಕ ಮೇಲೆ ಅವಳು ಕೊಡುವ ತೀರ್ಪೂ ಒಂದೇ, ನಮಗೆ ಟೋಪಿ ಬಿತ್ತು ಎಂದು. ಬೇರೆ ಯಾವುದರಲ್ಲಿ ಬೇಕಾದರೂ ಸುಳ್ಳು ಹೇಳಿಯಾಳು, ಬೇಸ್‌ಬಾಲಿನಲ್ಲಿ ಅವಳು ಹೇಳುವವಳಲ್ಲ.

"ನನ್ ಕೈಲಾಗಲ್ಲಮ್ಮ," ಎಂದಳು. "ವೆಲಾರ್ಡೊನ ಕೊಟ್ಟು ಇಬ್ರು ಎಳಸುಗಳನ್ನ ತಂದಿದಾರೆ. ಇದನ್ನ ಬೈಯದೆ ಚಳಿಗಾಲ ಪೂರ್ತಿ ಹೆಂಗ್ ಕೂರ್ಲಿ? ಹೊಟ್ಟೆ ಉಬ್ಬಿ ಸಾಯ್ತೀನಿ."

ಸತ್ತರೆ ಹೂವು ತರುತ್ತೇನೆ ಎಂದೆ. ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ನನ್ನ ಮುಖದಲ್ಲಿ ಅವಳಿಗೆ ಏನು ಕಂಡಿತೋ, ಸೌದೆಯ ತುಂಡೊಂದನ್ನು ಒಲೆಗೆ ತುರುಕಿ ಸುಮ್ಮನಾದಳು. ಅಷ್ಟರಲ್ಲಿ ಬಾಗಿಲಿನ ಗಂಟೆ ಕಿಣಿಗುಟ್ಟಿತು. ಆಂಬ್ರೋಸ್ ಒಳಗೆ ಬಂದು, ಟೋಪಿಯ ಮೇಲಿನ ಹಿಮ ಕೊಡವಿ, ಎಂದಿನಂತೆ ಮೊದಲು ಮೀನುಮರಿಗಳ ತೊಟ್ಟಿಗೆ ಬಗ್ಗಿ ನೋಡಿದ.

ಲಾನಿಗೆ ನಾಲಿಗೆಯ ಮೇಲೆ ಹಿಡಿತವಿಲ್ಲ. ಹೊಸ ಪಿಚರುಗಳ ಮಾತು ಅವನ ಬಾಯಿಂದ ಹೊರಬಿತ್ತು. ಆಂಬ್ರೋಸ್ ಕುರ್ಚಿ ಎಳೆದುಕೊಂಡು ಕೂತು, ಬದಲಿಗೆ ನಾವು ಯಾರನ್ನು ಕೊಟ್ಟೆವು ಎಂದು ಕೇಳಿದ. ಕೇಳಲೇಬೇಕಾದ ಮಾತು ಅದು. ಲಾನಿ ಬಲೆಯನ್ನು ನೋಡಿದ, ನಾನು ಲಾನಿಯನ್ನು ನೋಡಿದೆ. ಬಾಯಿ ಬಿಟ್ಟವಳು ಕ್ಲಾರಿಸ್.

"ಒಬ್ಬ ಆಟಗಾರನ್ನ ಕೊಡ್ತಾರಂತೆ. ಹೆಸರು ಆಮೇಲೆ ತಿಳಿಸ್ತಾರಂತೆ."

ಹಾಗೆ ನಡೆಯುವುದುಂಟು. ಎರಡು ತಂಡಗಳು ಕೈಕುಲುಕಿಬಿಡುತ್ತವೆ, ಆದರೆ ಕೊಡಬೇಕಾದವನು ಯಾರೆಂದು ಇನ್ನೂ ಗೊತ್ತಾಗಿರುವುದಿಲ್ಲ. ಆಗ ಪತ್ರಿಕೆಗೆ ಅಷ್ಟನ್ನೇ ಹೇಳುತ್ತಾರೆ, ಒಬ್ಬ ಆಟಗಾರ, ಹೆಸರು ಆಮೇಲೆ ತಿಳಿಸಲಾಗುವುದು. ಆಂಬ್ರೋಸ್ ತಲೆದೂಗಿದ. ಕ್ಲಾರಿಸ್ ಅವನಿಗೆ ಕಾಣದಂತೆ ನನ್ನತ್ತ ಕಣ್ಣು ಕೆಕ್ಕರಿಸಿ, ತನ್ನ ಜನ್ಮದ ಮೊದಲ ಬೇಸ್‌ಬಾಲ್ ಸುಳ್ಳನ್ನು ಕಾಫಿಯ ಜೊತೆ ನುಂಗಿಕೊಂಡಳು.

ಮನೆಗೆ ಹೋಗುವ ದಾರಿಯಲ್ಲಿ ಸೇತುವೆ ದಾಟಿದ ಮೇಲೆ ಆಂಬ್ರೋಸ್, "ಪಾಪ, ಅವನಿಗೇ ಗೊತ್ತಿಲ್ಲ," ಎಂದ.

"ಯಾರಿಗೆ?"

"ಆ ಹುಡುಗನಿಗೆ. ಹೆಸರು ಆಮೇಲೆ ಹೇಳ್ತಾರಲ್ಲ, ಅವನಿಗೆ. ಈಗ ಎಲ್ಲೋ ಕೂತು ಮೊಟ್ಟೆ ತಿಂತಿರ್ತಾನೆ. ತಾನು ಹೊರಟೋಗಿ ಆಗಿದೆ ಅಂತ ಅವನಿಗೆ ಗೊತ್ತೇ ಇಲ್ಲ."

ಅಲ್ಲಿಂದ ಆ ಚಳಿಗಾಲವೆಲ್ಲ ಆ ಹೆಸರಿಲ್ಲದವನು ನಮ್ಮ ಜೊತೆಗಿದ್ದ. ಕಾಫಿ ಸುರಿಯುವಾಗ ಅವನಿಗೂ ಒಂದು ಲೋಟ ಇರಲಿ ಎಂದು ಆಂಬ್ರೋಸ್ ಹೇಳುತ್ತಿದ್ದ. ಅಂಗಡಿಯಲ್ಲಿ ಬೇರೆ ಜಗಳಗಳು ನಡೆದೇ ಇದ್ದವು. ತಂಡ ಎಡ ಮೈದಾನಕ್ಕೆ ವಯಸ್ಸಾದ ಒಬ್ಬನನ್ನು ತಂದಾಗ, ಅನುಭವಕ್ಕೆ ಬೆಲೆಯಿಲ್ಲವೇ ಎಂದು ಲಾನಿ ಅವನ ಪರ ವಾದಿಸಿದ. ಅನುಭವವಂತೆ, ಅವನ ಮೊಣಕಾಲು ಕಟಕಟ ಅನ್ನುವುದು ಇಲ್ಲಿಗೇ ಕೇಳಿಸುತ್ತದೆ ಎಂದು ಕ್ಲಾರಿಸ್ ಹಂಗಿಸಿದಳು. ಆದರೆ ವೆಲಾರ್ಡೊನ ಮಾತು ಬಂದಾಗ ಇಬ್ಬರೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಬರಬರುತ್ತ ಬೀಗವೂ ಬೇಡವಾಯಿತು. ಈ ವರ್ಷ ವೆಲಾರ್ಡೊ ಎಷ್ಟು ಚೆನ್ನಾಗಿ ಆಡಿಯಾನು ಎಂದು ಕ್ಲಾರಿಸ್ ತಾನಾಗಿಯೇ ಲೆಕ್ಕ ಹಾಕತೊಡಗಿದಳು. ಬೆಚ್ಚಗಿನ ಒಲೆ, ಗುಳುಗುಳು ಎನ್ನುವ ತೊಟ್ಟಿ, ಹೊರಗೆ ಬಿಡದೆ ಬೀಳುವ ಹಿಮ. ಇಂಥ ಕಡೆ ಕೂತು ಹೇಳಿದ ಸುಳ್ಳು ನಮಗೇ ನಿಜವಾಗಿಬಿಟ್ಟಿತ್ತು. ಒಂದು ದಿನ ನಾನೂ ವೆಲಾರ್ಡೊ ನಮ್ಮವನೇ ಎಂದು ಪೂರ್ತಿ ನಂಬಿ, ನಂಬಿದ್ದು ಅರಿವಿಗೆ ಬಂದು ಬೆಚ್ಚಿದೆ.

ಜನವರಿಯ ಒಂದು ಮಧ್ಯಾಹ್ನ ನಾವು ಮೂವರು ಆಂಬ್ರೋಸ್‌ನ ಜೊತೆ ಸರೋವರದ ಮೇಲೆ ನಡೆದೆವು. ಗಾಳಿಯಿರಲಿಲ್ಲ. ದಟ್ಟ ಮಂಜು ಕವಿದು ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯುತ್ತಿರಲಿಲ್ಲ. ಮೀನು ಹಿಡಿಯುವವರ ಗುಡಿಸಲುಗಳು ಅಲ್ಲೊಂದು ಇಲ್ಲೊಂದು ತೇಲಿದಂತಿದ್ದವು. ಕಾಲಡಿಯಲ್ಲಿ, ಬಹಳ ಆಳದಲ್ಲಿ, ಮಂಜುಗಡ್ಡೆ ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ ನರಳುತ್ತಿತ್ತು. ಆಂಬ್ರೋಸ್ ಇದ್ದಕ್ಕಿದ್ದಂತೆ ನಿಂತ. ಆಮೇಲೆ ಕೈಚಾಚಿ ನಮ್ಮನ್ನು ಜಾಗಗಳಿಗೆ ಕಳಿಸತೊಡಗಿದ. ಲಾನಿಯನ್ನು ಮೊದಲ ಬೇಸ್‌ಗೆ, ಕ್ಲಾರಿಸಳನ್ನು ಮೂರನೆಯದಕ್ಕೆ. ಈ ಹೊಟ್ಟೆ ಇಟ್ಕೊಂಡು ಬಗ್ಗೋಕಾಗಲ್ಲ ಎಂದು ಗೊಣಗುತ್ತಲೇ ಕ್ಲಾರಿಸ್ ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ನಿಂತಳು. ಮಂಜಿನಲ್ಲಿ ಅವರಿಬ್ಬರೂ ಕರಗಿ ಬರೀ ಕಪ್ಪು ಚುಕ್ಕೆಗಳಾದರು. ಆಂಬ್ರೋಸ್ ಉಳಿದವರನ್ನು ಹೆಸರು ಹಿಡಿದು ಕೂಗಿದ. ಅವರೂ ಬಂದು ನಿಂತರು ಎಂದೇ ನನಗನ್ನಿಸಿತು. ದೂರದಲ್ಲಿ ಯಾರದೋ ಕೆಮ್ಮು ಕೇಳಿದಾಗ ವಿಟ್‌ಕಾಂಬ್ ಇರಬೇಕು ಎಂದುಕೊಂಡೆ. ಹಿಂದೆ ವೆಲಾರ್ಡೊ ಎಸೆತ ಹಿಡಿಯಲು ಕುಕ್ಕರಗಾಲಿನಲ್ಲಿ ಕೂತಿದ್ದ. ಪಕ್ಕದಲ್ಲಿ ಆ ಹೆಸರಿಲ್ಲದ ಹುಡುಗ ಕೈಚೀಲ ಹಿಡಿದು ತನ್ನ ಸರದಿಗೆ ಕಾಯುತ್ತಿದ್ದ.

ಎಲ್ಲರೂ ನಿಂತ ಮೇಲೆ ಆಂಬ್ರೋಸ್ ನನ್ನತ್ತ ತಿರುಗಿದ. ತುಂಬ ಹೊತ್ತು ನೋಡಿದ. ರೆಪ್ಪೆಯ ಮೇಲೆ ಹಿಮದ ಹುಡಿ ಕೂತಿತ್ತು.

"ಮನೇಲಿ ಇರ್ಮಾ," ಎಂದ ಕೊನೆಗೆ.

ಇಷ್ಟು ತಡವಾದದ್ದು ಅದೇ ಮೊದಲು. ಚಳಿ ಹೆಚ್ಚಾಯಿತು, ವಾಪಸು ಹೋಗೋಣ ಎಂದೆ.

ಫೆಬ್ರವರಿಯಲ್ಲಿ ತಂಡಗಳು ತಾಲೀಮಿಗೆ ದಕ್ಷಿಣದ ಬಿಸಿಲಿಗೆ ಹೋಗುತ್ತವೆ. ಮೊದಲು ಹೋಗುವವರು ಪಿಚರುಗಳು ಮತ್ತು ಕ್ಯಾಚರುಗಳು. ಆ ದಿನಗಳಲ್ಲಿ ರೇಡಿಯೋ ಹಾಕಬೇಡ ಎಂದು ನಾನು ಲಾನಿಗೆ ತಾಕೀತು ಮಾಡಿದ್ದೆ. ಆದರೆ ಗಾಳದ ದಾರ ಕೊಳ್ಳಲು ಬಂದ ಯಾರೋ ಅಪರಿಚಿತ, ಹವಾಮಾನ ಕೇಳೋಣವೆಂದು ಅದರ ಗುಂಡಿ ತಿರುಗಿಸಿ, ದಾರ ತೆಗೆದುಕೊಂಡು ಹೊರಟುಹೋದ. ಹವಾಮಾನ ಮುಗಿದ ಕೂಡಲೇ ಉತ್ಸಾಹದ ದನಿಯೊಂದು ಶುರುಮಾಡಿತು. ಹೊಸ ತಂಡದ ಹೊಸ ಅಂಗಿಯಲ್ಲಿ ವೆಲಾರ್ಡೊ ಇವತ್ತು ಮೈದಾನಕ್ಕಿಳಿದ, ಹಳೆಯ ಊರನ್ನು ಮರೆಯುವುದು ಕಷ್ಟ ಎಂದ, ಎಂದೆಲ್ಲ.

ಲಾನಿ ರೇಡಿಯೋದತ್ತ ಓಡಿದ.

"ಇರ್ಲಿ ಬಿಡು, ಲಾನಿ," ಎಂದ ಆಂಬ್ರೋಸ್. "ನಂಗೊತ್ತು. ಆವತ್ತೇ ಕಾರಲ್ಲಿ ಕೇಳ್ದೆ."

ಕ್ಲಾರಿಸಳ ಲೋಟ ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ನನಗೆ ಸಿಟ್ಟು ನೆತ್ತಿಗೇರಿತು. ಇಡೀ ಚಳಿಗಾಲ ಮೂವರು ದೊಡ್ಡವರು ಇವನೊಬ್ಬನಿಗಾಗಿ ಸುಳ್ಳಿನ ಮೇಲೆ ಸುಳ್ಳು ಪೋಣಿಸಿದ್ದೆವು.

"ಗೊತ್ತಿದ್ದೂ ದಿನಾ ಬೆಳಿಗ್ಗೆ ಅವನ ಹೆಸರು ಯಾಕೆ ಹೇಳ್ತಿದ್ದೆ?" ಎಂದೆ.

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. ಬಸ್ಸಿನ ಎಣ್ಣೆ ಕೂತು ಗೆರೆಗಳೆಲ್ಲ ಕಪ್ಪಾಗಿರುವ ಕೈಗಳು ಅವು.

"ಅವನಿಂದ ಶುರುಮಾಡಿದ್ರೆ ಕೊನೇ ತನಕ ಹೋಗ್ತಿದ್ದೆ. ಅವನ್ನ ಬಿಟ್ರೆ ಎಲ್ಲಿ ದಾರಿ ತಪ್ತೀನೋ ಅಂತ ಭಯ. ಕೊನೇಲಿ ನೀನಿದ್ಯಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ನಾನು ಒಂದು ತುದಿ ಹಿಡಿದು ಹೆದರುತ್ತಿದ್ದಾಗ ಅವನು ಅದೇ ಸರದ ಇನ್ನೊಂದು ತುದಿ ಹಿಡಿದು ಹೆದರುತ್ತಿದ್ದ. ಒಂದೇ ಹಾಸಿಗೆಯಲ್ಲಿ ಮಲಗಿ ಏಳುತ್ತ ನಾವಿಬ್ಬರೂ ಅದನ್ನು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಕ್ಲಾರಿಸ್ ಒಲೆಯ ಹೊಗೆಯನ್ನು ಬೈಯುತ್ತ ತನ್ನ ಕಣ್ಣೊರೆಸಿಕೊಂಡಳು. ಒಲೆಯಲ್ಲಿ ಹೊಗೆಯೇ ಇರಲಿಲ್ಲ.

"ಈಗ ಇರೋ ಹಾಗೆ ಹೇಳ್ತೀನಿ," ಎಂದು ಆಂಬ್ರೋಸ್ ನೆಟ್ಟಗೆ ಕೂತ. ಕ್ಯಾಚರ್ ಎಂದು ಶುರುಮಾಡಿ ನಿಂತ. ವೆಲಾರ್ಡೊನ ಜಾಗಕ್ಕೆ ಬಂದವನ ಹೆಸರು ಅವನಿಗೆ ಹೊಳೆಯಲಿಲ್ಲ. ಲಾನಿ ಹೇಳಿಕೊಡಲು ಬಾಯಿ ತೆರೆದ, ಕ್ಲಾರಿಸ್ ಅವನ ಕಾಲು ತುಳಿದಳು. ಆಂಬ್ರೋಸ್ ಆ ಜಾಗವನ್ನು ಹಾಗೇ ಬಿಟ್ಟು ಮುಂದೆ ನಡೆದ. ಮೊದಲ ಬೇಸ್‌ಗೆ ಡನ್‌ಲೀವಿ. ಎರಡನೆಯದಕ್ಕೆ ಯಾರೂ ಇಲ್ಲ. ನಿಧಾನಕ್ಕೆ, ಮಂಜಿನಲ್ಲಿ ನಡೆಯುವವನ ಹಾಗೆ ತಡವರಿಸುತ್ತ, ಅಲ್ಲಲ್ಲಿ ಖಾಲಿ ಬಿಡುತ್ತ ಬಲ ಮೈದಾನಕ್ಕೆ ತಲುಪಿದ. ಅಲ್ಲಿ ವಿಟ್‌ಕಾಂಬ್ ಇದ್ದ. ಆಮೇಲೆ ನನ್ನತ್ತ ತಿರುಗಿದ.

"ಮನೇಲಿ," ಎಂದ.

ತೊಟ್ಟಿಯಲ್ಲಿ ನೀರು ಗುಳುಗುಟ್ಟುತ್ತಿತ್ತು. ಅವನು ನನ್ನ ಕಣ್ಣು, ಮೂಗು, ಟೋಪಿಯಿಂದ ಹೊರಬಂದ ಕೂದಲು ಎಲ್ಲವನ್ನೂ ಒಂದೊಂದಾಗಿ ನೋಡಿದ. ಹುಡುಕಿದ. ನಾನು ತುಟಿ ಕಚ್ಚಿ ಹಿಡಿದೆ. ಹೆದರಿಕೊಂಡಿದ್ದ ಗಳಿಗೆ ಬಂದೇಬಿಟ್ಟಿತ್ತು. ಅವನ ಮುಖದಲ್ಲಿ ಮಾತ್ರ ನಾನಂದುಕೊಂಡಿದ್ದ ಗಾಬರಿ ಇರಲಿಲ್ಲ. ಅದು ಮೆಲ್ಲಗೆ ಸಡಿಲವಾಗಿ, ಹಳೆಯ ಡಿಪೋದ ದಿನಗಳ ತುಂಟ ನಗೆಯೊಂದು ಅಲ್ಲಿ ಮೂಡಿತು.

"ಮನೇಲಿ ಇವಳು," ಎಂದ. "ಹೆಸರು ಆಮೇಲೆ ತಿಳಿಸ್ತಾರೆ."

ಕ್ಲಾರಿಸ್ ಲೋಟ ಕೆಳಗಿಟ್ಟು, ತಾನು ಯಾವತ್ತೂ ಕೇಳುವುದನ್ನೇ ಕೇಳಿದಳು.

"ಇವಳಿಗೆ ಬದಲು ಯಾರನ್ನ ಕೊಟ್ಟೆ?"

ಆಂಬ್ರೋಸ್ ಸ್ವಲ್ಪ ಯೋಚಿಸಿದ.

"ಇದ್ದೋರನ್ನೆಲ್ಲ," ಎಂದ.

ಇನ್ನು ಟೋಪಿಯ ತೀರ್ಪು ಬರುತ್ತದೆ ಎಂದು ಲಾನಿ ಅವಳತ್ತ ನೋಡಿದ. ಅವಳು ಒಲೆಯ ಬಾಗಿಲು ತೆರೆದು ಬೆಂಕಿಯನ್ನೇ ನೋಡುತ್ತ ಕೂತಳು. ಆಂಬ್ರೋಸ್ ನನ್ನ ಕೈ ಎಳೆದುಕೊಂಡು ತನ್ನ ಕೋಟಿನ ಜೇಬಿಗೆ ಹಾಕಿಕೊಂಡ. ನನ್ನ ಹೆಸರು ನನ್ನ ಬಾಯಿಯ ತನಕ ಬಂದಿತ್ತು. ಆಮೇಲೆ ಹೇಳಿದರಾಯಿತು ಎಂದು ಸುಮ್ಮನಾದೆ.