ಪ್ರತಿಭಾ ಹೆಸರಿನ ಲಾಗಿನ್

ಚಾಮರಾಜಪೇಟೆಯ ನಮ್ಮ ನರ್ಸಿಂಗ್ ಹೋಮಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವರು ಇಬ್ಬರೇ. ನಾನು ಮತ್ತು ಪ್ರತಿಭಾ. ಹೋದ ವರ್ಷ ಹೊಸ ಸಾಫ್ಟ್‌ವೇರ್ ಬಂತು. ಆಸ್ಪತ್ರೆಯ ಯಂತ್ರಗಳ ತಂತಿಗಳೆಲ್ಲ ಬಂದು ಸೇರುವ ಸ್ವಿಚ್‌ಗಳು ಮೂವತ್ತೆರಡು. ಅಷ್ಟನ್ನೂ ಒಂದೇ ಪರದೆಯಿಂದ ನಿಭಾಯಿಸಬಹುದು. ಆದರೆ ಸ್ವಿಚ್ ಒಳಗೆ ಹೋಗಲು ಸಾಫ್ಟ್‌ವೇರ್‌ಗೂ ಒಂದು ಹೆಸರು, ಪಾಸ್‌ವರ್ಡ್ ಬೇಕು. ಅದಕ್ಕೆಂದೇ ಬೇರೆ ಖಾತೆ ತೆರೆಯಲು ಆಡಳಿತದ ಒಪ್ಪಿಗೆ ಕೇಳಿದೆವು. ಪತ್ರ ಬರಲಿಲ್ಲ. ಪ್ರತಿಭಾ ತನ್ನದನ್ನೇ ಹಾಕಿದಳು.

“ಸದ್ಯಕ್ಕೆ ಇರ್ಲಿ ಸ್ವರೂಪ್. ಪತ್ರ ಬಂದ್ಮೇಲೆ ಬದಲಾಯಿಸೋಣ.”

ಹನ್ನೊಂದು ತಿಂಗಳು ಕಳೆಯಿತು. ಆ ಸಾಫ್ಟ್‌ವೇರಿನಿಂದ ಯಾರು ಏನು ಮಾಡಿದರೂ ಸ್ವಿಚ್‌ಗಳು ಪ್ರತಿಭಾ ಮಾಡಿದಳೆಂದೇ ಬರೆದುಕೊಳ್ಳುತ್ತಿದ್ದವು. ಸಾಫ್ಟ್‌ವೇರ್ ತೆರೆಯುವ ಪಾಸ್‌ವರ್ಡೂ ನಮ್ಮಿಬ್ಬರದು ಒಂದೇ.

ಮಂಗಳವಾರ ಮಧ್ಯಾಹ್ನ ಮೂರು ಹತ್ತಕ್ಕೆ, ಎರಡನೇ ಮಹಡಿಯ ಸ್ವಿಚ್‌ಗೆ ಮಾಡಬೇಕಿದ್ದ ಬದಲಾವಣೆಯನ್ನು ನಾನು ಮೂರನೇ ಮಹಡಿಯದಕ್ಕೆ ಕಳಿಸಿದೆ. ಹದಿನಾಲ್ಕು ನಿಮಿಷ ಅಲ್ಲಿನ ರೋಗಿಗಳ ಎದೆಬಡಿತ ನರ್ಸ್‌ಗಳ ಪರದೆಗೆ ಬರಲಿಲ್ಲ. ಏಳನೇ ಹಾಸಿಗೆಯಲ್ಲಿ ಮಾವಳ್ಳಿಯ ಸುಂದರಮ್ಮ ಇದ್ದರು. ನರ್ಸ್ ಹೋಗಿ ನೋಡುವಷ್ಟರಲ್ಲಿ ತೀರಿಕೊಂಡಿದ್ದರು. ಪರದೆ ಸರಿಯಿದ್ದರೂ ಉಳಿಸುವುದು ಕಷ್ಟವಿತ್ತು ಎಂದರು ಡಾಕ್ಟರು. ಆಗುತ್ತಲೇ ಇರಲಿಲ್ಲ ಎನ್ನಲಿಲ್ಲ.

ಮ್ಯಾನೇಜರ್ ಶೀನಣ್ಣ ಸ್ವಿಚ್‌ನ ದಾಖಲೆ ಕೇಳಿದರು. ಪ್ರಿಂಟ್ ತೆಗೆದುಕೊಟ್ಟವನು ನಾನೇ. ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡರು.

“ಏನಮ್ಮಾ, ಇಲ್ಲಿ ನಿನ್ ಹೆಸರೇ ಇದೆಯಲ್ಲ?”

“ಆಗ ಊಟಕ್ಕೆ ಹೋಗಿದ್ದೆ ಸರ್.”

“ಮೂರು ಗಂಟೆಗೆ ಊಟಾನಾ?”

“ನಿಮ್ ಲ್ಯಾಪ್‌ಟಾಪ್ ರಿಪೇರಿ ಮುಗಿಸೋ ಹೊತ್ತಿಗೆ ಮೂರಾಗಿತ್ತು ಸರ್.”

“ಹಾಗಾದ್ರೆ ನಿನ್ ಹೆಸರು ತಾನಾಗೇ ಹೋಗಿ ಕೆಲ್ಸ ಮಾಡ್ತಾ?”

“ಸಾಫ್ಟ್‌ವೇರಲ್ಲಿ ನನ್ನ ಲಾಗಿನ್ ಇದೆ ಸರ್, ಅದಕ್ಕೇ...”

“ಸಾಫ್ಟ್‌ವೇರ್ ಮೇಲೆ ಹಾಕ್ಬೇಡ.”

ಅವಳು ಒಮ್ಮೆ ನನ್ನ ಕಡೆ ನೋಡಿದಳು. ಹೆಸರು ಹೇಳಲಿಲ್ಲ. ನಾನು ಮೇಜಿನ ಮೇಲಿದ್ದ ನೀರಿನ ಬಾಟಲಿ ನೋಡುತ್ತಿದ್ದೆ.

ಅವಳನ್ನು ಕೆಲಸದಿಂದ ತೆಗೆಯುವುದೆಂದಾಯಿತು. ಆರು ಗಂಟೆಯೊಳಗೆ ಅವಳ ಖಾತೆ ಮುಚ್ಚಬೇಕೆಂದು ನನಗೆ ಆದೇಶವಾಯಿತು. ಮುಚ್ಚಿದೆ. ಪರದೆಯಲ್ಲಿ ಮೂವತ್ತೆರಡೂ ಸ್ವಿಚ್‌ಗಳು ಕೆಂಪಾದವು. ಸಾಫ್ಟ್‌ವೇರ್ ಹೊಸ ಹೆಸರು ಕೇಳಿತು. ಸ್ವಿಚ್‌ಗಳಲ್ಲಿ ಉಳಿದಿದ್ದ ಖಾತೆ ನನ್ನದೊಂದೇ. ಟೈಪ್ ಮಾಡಿದೆ. ಒಂದೊಂದಾಗಿ ಹಸಿರಾದವು.

ಪ್ರತಿಭಾ ಡ್ರಾಯರ್ ಖಾಲಿ ಮಾಡುತ್ತಿದ್ದಳು. “ನಿಂದೇ ಹಾಕಿದ್ಯಾ?”

“ಸದ್ಯಕ್ಕೆ.”

“ಹ್ಞೂಂ. ನೀನು ಇಲ್ದಾಗ ಇನ್ಯಾರಿಗೂ ಮುಟ್ಟೋಕೆ ಬಿಡ್ಬೇಡ,” ಎಂದಳು. ವ್ಯಂಗ್ಯವಾಗಿ ಹೇಳಲಿಲ್ಲ, ಕೆಲಸ ವಹಿಸಿಕೊಡುವವರ ಹಾಗೆ ಹೇಳಿದಳು.

ನಾನು ಎದ್ದು ಶೀನಣ್ಣನವರ ಕೋಣೆಗೆ ಹೋದೆ.

“ಸರ್, ಮೂರು ಹತ್ತಕ್ಕೆ ಮಾಡಿದ್ದು ನಾನು.”

ಅವರು ಮೇಜಿನ ಮೇಲಿದ್ದ ಹಾಳೆ ನನ್ನ ಕಡೆ ತಿರುಗಿಸಿದರು. “ಅವಳ ಆರ್ಡರ್ ಟೈಪ್ ಆಗೋಗಿದೆಯಲ್ಲಯ್ಯಾ.”

“ಹೆಸರು ಬದಲಾಯಿಸಿ ಸರ್.”

“ಬರೆದು ಕೊಡು.”

ಅಲ್ಲೇ ನಿಂತು ನಾಲ್ಕು ಸಾಲು ಬರೆದು ಸಹಿ ಹಾಕಿದೆ. ಹೊರಗೆ ಪ್ರತಿಭಾ ಬ್ಯಾಗ್ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು. ಹೇಳಿದೆ. ಅವಳು ಥ್ಯಾಂಕ್ಸ್ ಅನ್ನಲಿಲ್ಲ.

“ಸುಂದರಮ್ಮನ ಮಗ ಕೆಳಗೆ ಆಂಬುಲೆನ್ಸ್ ಹತ್ರ ನಿಂತಿದಾರೆ,” ಎಂದಳು. “ಅವರಿಗೆ ಯಾರು ಹೇಳ್ತಾರೆ?”

ಆಂಬುಲೆನ್ಸ್ ಹಿಂಬಾಗಿಲು ಇನ್ನೂ ತೆರೆದೇ ಇತ್ತು. ಮೆಟ್ಟಿಲು ಇಳಿದೆ.